ಮರುಭೂಮಿಯಲ್ಲಿ ದಿನವಿಡೀ ನಡೆಯುವವರಿಗೆ ಏನು ಸಿಗುತ್ತದೆ, ಯಾರು ಸಿಗುತ್ತಾರೆ?

ಸಹ್ಯಾದ್ರಿಯ ಚಾರಣದ ರೂಢಿಯಿರುವ ನೀವು ಕೇಳಿದ್ದೀರಿ: ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ ಮರುಭೂಮಿ ಭಾಗದಲ್ಲಿ ನಡೆಯುವವರು ಇಡೀ ದಿನ ನೋಡುವುದಾದರೂ ಏನನ್ನು, ಆ ಬಯಲಿನಲ್ಲಿ ಬೇಸರ ಬರುವುದಿಲ್ಲವೇ ಎಂದು. ನಾನು ಚಿತ್ರದುರ್ಗದ ಕಡೆಯವನು, ಈಗ ಸ್ಯಾನ್ ಡಿಯಾಗೊದಲ್ಲಿ ಇದ್ದೇನೆ. ರಜೆ ಸಿಕ್ಕಾಗಲೆಲ್ಲ ಈ ದಾರಿಯ ದಕ್ಷಿಣ ಭಾಗದಲ್ಲಿ ನಡೆಯುತ್ತೇನೆ. ಏಪ್ರಿಲ್ ತಿಂಗಳ ಒಂದು ದಿನವನ್ನು ಇದ್ದ ಹಾಗೆ ಹೇಳುತ್ತೇನೆ.

ಮೆಕ್ಸಿಕೊ ಗಡಿಯ ಕ್ಯಾಂಪೊ ಊರಿನ ಬಳಿ ಹೊರಟು ಕೆನಡಾ ಮುಟ್ಟುವ ಈ ಕಾಲುದಾರಿಯ ಉದ್ದ ಸುಮಾರು 4,265 ಕಿ.ಮೀ. ಮೊದಲ ಸಾವಿರ ಚಿಲ್ಲರೆ ಕಿ.ಮೀ.ಗಳನ್ನು ಚಾರಣಿಗರು ಒಟ್ಟಾಗಿ ಮರುಭೂಮಿ ಎಂದೇ ಕರೆಯುತ್ತಾರೆ, ನಡುನಡುವೆ ಪೈನ್ ಮರಗಳ ಬೆಟ್ಟಗಳು ಬಂದರೂ. ನಾನು ಆ ದಿನ ಹೊರಟಿದ್ದು ಸಿಸರ್ಸ್ ಕ್ರಾಸಿಂಗ್ ಎಂಬಲ್ಲಿಂದ. ಅಲ್ಲಿಂದ ಬ್ಯಾರೆಲ್ ಸ್ಪ್ರಿಂಗ್ಸ್‌ವರೆಗೆ ಸುಮಾರು 38 ಕಿ.ಮೀ. ದಾರಿ ಸ್ಯಾನ್ ಫೆಲಿಪೆ ಗುಡ್ಡಗಳ ಮೈಯನ್ನು ಬಳಸಿಕೊಂಡು ಏರುತ್ತಾ ಹೋಗುತ್ತದೆ; ನಡುವೆ ನಂಬಬಹುದಾದ ಒಂದು ಸೆಲೆಯಾಗಲಿ ತೊರೆಯಾಗಲಿ ಇಲ್ಲ. ಹಾಗಾಗಿ ಬೆನ್ನಿನ ಮೇಲೆ 6 ಲೀಟರ್ ನೀರು, ಎಂದರೆ ಬರೀ ನೀರಿನದೇ 6 ಕಿಲೋ ಭಾರ. ಇನ್ನೂ ನಕ್ಷತ್ರಗಳಿರುವಾಗಲೇ ಹೊರಟರೆ ಅರ್ಧ ಏರು ತಂಪಿನಲ್ಲಿ ಮುಗಿಯುತ್ತದೆ.

ಮರುಭೂಮಿ ಎಂದರೆ ನಿಮ್ಮ ಕಣ್ಣೆದುರು ಮರಳಿನ ದಿಬ್ಬಗಳು ಬಂದಿದ್ದರೆ ಅವನ್ನು ಬಿಟ್ಟುಬಿಡಿ. ಇಲ್ಲಿರುವುದು ಕಲ್ಲು, ಮುಳ್ಳು, ಮತ್ತು ವಸಂತದಲ್ಲಿ ನಂಬಲಾಗದಷ್ಟು ಹೂವು. ಒಕೊಟಿಯೊ ಎಂಬ ಗಿಡ ಆಳೆತ್ತರಕ್ಕೂ ಮೀರಿ ನೀಳ ಮುಳ್ಳುಕಡ್ಡಿಗಳನ್ನು ಚಾಚಿ ನಿಂತಿರುತ್ತದೆ. ಪ್ರತಿ ಕಡ್ಡಿಯ ತುದಿಯಲ್ಲೂ ಕೆಂಪು ಹೂಗೊಂಚಲು, ಅದರ ಸುತ್ತ ಹಮ್ಮಿಂಗ್‌ಬರ್ಡ್‌ಗಳು. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕತ್ತಾಳೆ. ನಮ್ಮೂರ ಹೊಲಗಳ ಬದುವಿನಲ್ಲಿ ಕತ್ತಾಳೆ ಮತ್ತು ಪಾಪಾಸುಕಳ್ಳಿಯನ್ನು ನೋಡುತ್ತಲೇ ಬೆಳೆದವನು ನಾನು. ಎರಡೂ ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದವು. ಇಲ್ಲಿ ಅವುಗಳ ಬಳಗ ಯಾರೂ ನೆಡದೆ, ಯಾವ ಹೊಲವನ್ನೂ ಕಾಯದೆ ಗುಡ್ಡದ ತುಂಬ ಹಬ್ಬಿದೆ. ಈ ಮರುಭೂಮಿಯ ಕತ್ತಾಳೆ ದಶಕಗಟ್ಟಲೆ ಶಕ್ತಿ ಕೂಡಿಟ್ಟು ಒಮ್ಮೆ ಮಾತ್ರ ಎತ್ತರದ ಹೂದಂಟು ಬಿಟ್ಟು ಸಾಯುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಕುಮೆಯಾಯ್ ಮತ್ತು ಕಹುಯಿಲಾ ಜನ ಇದರ ತಿರುಳನ್ನು ಗುಣಿ ತೋಡಿ, ಕಾದ ಕಲ್ಲುಗಳ ಶಾಖದಲ್ಲಿ ಬೇಯಿಸಿ ತಿನ್ನುತ್ತಿದ್ದರು.

ಬಿಸಿಲು ಏರುವ ಹೊತ್ತಿಗೆ ಒಂದು ತಿರುವಿನಲ್ಲಿ ಗರಗರ ಸದ್ದು ಕೇಳಿಸಿತು. ಇಟ್ಟಿಗೆ ಬಣ್ಣದ ಮೈ, ಬಾಲದ ತುದಿಯಲ್ಲಿ ಕಪ್ಪು ಬಿಳಿ ಪಟ್ಟೆ: ರೆಡ್ ಡೈಮಂಡ್ ರ‍್ಯಾಟಲ್‌ಸ್ನೇಕ್. ನಮ್ಮ ಕೊಳಕುಮಂಡಲದ ಕುಟುಂಬಕ್ಕೇ ಸೇರಿದ ವಿಷದ ಹಾವು, ಆದರೆ ಅಟ್ಟಿಸಿಕೊಂಡು ಬರುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ. ಅದು ತನ್ನ ಪಾಡಿಗೆ ಕಲ್ಲಿನ ಸಂದಿಗೆ ಹೋಯಿತು. ಎಚ್ಚರಿಸಿ ದಾರಿ ಬಿಡುವ ಪ್ರಾಣಿಯ ಬಗ್ಗೆ ನನಗೆ ಅಂದಿನಿಂದ ಗೌರವವಿದೆ. ಕಿವಿಯಲ್ಲಿ ಹಾಡು ಹಾಕಿಕೊಂಡು ಇಲ್ಲಿ ನಡೆಯಬೇಡಿ.

ಮಧ್ಯಾಹ್ನ ನಡೆಯುವುದಿಲ್ಲ, ನೆರಳು ಹುಡುಕಿ ಕೂರುತ್ತೇವೆ. ನನಗೆ ಸಿಕ್ಕಿದ ಬಂಡೆಯ ನೆರಳಿನಲ್ಲಿ ಆಗಲೇ ಒಬ್ಬ ಹೆಂಗಸು ಕುಳಿತಿದ್ದರು. ವಯಸ್ಸು ಅರವತ್ತು ದಾಟಿರಬೇಕು. ಪಕ್ಕದಲ್ಲಿ ಬೆಳ್ಳಿ ಬಣ್ಣದ ಛತ್ರಿ, ಕಾಲು ಬರಿಗಾಲು, ಸಾಕ್ಸ್ ಬಂಡೆಯ ಮೇಲೆ ಒಣಗುತ್ತಿತ್ತು. ನನ್ನನ್ನು ನೋಡಿದವರೇ ತಮ್ಮ ಚೀಲವನ್ನು ಬಿಸಿಲಿಗೆ ಎಳೆದು ನನಗೆ ಜಾಗ ಮಾಡಿಕೊಟ್ಟರು. ಶಾಲಾ ಬಸ್ ಓಡಿಸುತ್ತಿದ್ದು ನಿವೃತ್ತರಾದವರಂತೆ, ಕೆನಡಾದವರೆಗೂ ಹೋಗುವ ನಿರ್ಧಾರ ಮಾಡಿ ಹೊರಟಿದ್ದರು. ಎರಡು ತಾಸಿಗೊಮ್ಮೆ ಶೂ ಬಿಚ್ಚಿ ಪಾದ ಒಣಗಿಸಬೇಕು, ಉರಿ ಕಂಡ ಕೂಡಲೇ ಅಲ್ಲಿಗೆ ಟೇಪ್ ಅಂಟಿಸಬೇಕು, ಬೊಬ್ಬೆ ಏಳುವ ತನಕ ಕಾಯಬಾರದು ಎಂದು ಅವರು ಹೇಳಿಕೊಟ್ಟಿದ್ದನ್ನು ಇಂದಿಗೂ ಪಾಲಿಸುತ್ತೇನೆ. ಮೂರು ತಾಸು ಜೊತೆಗಿದ್ದೆವು. ಈ ದಾರಿಯಲ್ಲಿ ಚಾರಣಿಗರು ಒಬ್ಬರಿಗೊಬ್ಬರು ಅಡ್ಡಹೆಸರು ಕೊಟ್ಟುಕೊಳ್ಳುತ್ತಾರೆ, ಅವರ ನಿಜವಾದ ಹೆಸರು ನನಗೆ ಗೊತ್ತೇ ಇಲ್ಲ.

ಇಬ್ಬರೂ ಒಟ್ಟಿಗೆ ಎದ್ದು ನಡೆಯತೊಡಗಿದಾಗ ಎದುರಿನಿಂದ ಎರಡು ಕುದುರೆಗಳು ಬಂದವು. ಈ ದಾರಿ ನಡೆಯುವವರಿಗೂ ಕುದುರೆ ಸವಾರರಿಗೂ ಸೇರಿದ್ದು, ಸೈಕಲ್‌ಗೆ ಮಾತ್ರ ಅವಕಾಶವಿಲ್ಲ. ಆಕೆ ತಕ್ಷಣ ಛತ್ರಿ ಮಡಚಿ, ನನ್ನನ್ನೂ ಕರೆದುಕೊಂಡು ದಾರಿಯ ಇಳಿಜಾರಿನ ಕಡೆಗೆ ಇಳಿದು ನಿಂತು, ಸವಾರರನ್ನು ಮೆಲ್ಲಗೆ ಮಾತನಾಡಿಸಿದರು. ಬೆನ್ನ ಮೇಲೆ ದೊಡ್ಡ ಗಂಟು ಹೊತ್ತ ಆಕಾರ ಮನುಷ್ಯನದು ಎಂದು ಕುದುರೆಗೆ ತಿಳಿಯುವುದು ದನಿಯಿಂದ. ಗಾಬರಿಯಾದ ಕುದುರೆ ಏರಿನ ಕಡೆಗೆ ಓಡಿದರೆ ಸವಾರ ಉಳಿಯುತ್ತಾನೆ, ಪ್ರಪಾತದ ಕಡೆಗೆ ಓಡಿದರೆ ಉಳಿಯುವುದು ಕಷ್ಟ.

ಸಂಜೆಗೆ ಥರ್ಡ್ ಗೇಟ್ ಎಂಬಲ್ಲಿಗೆ ಬಂದೆವು, ಹೊರಟ ಜಾಗದಿಂದ ಸುಮಾರು 22 ಕಿ.ಮೀ. ಕಾಲುದಾರಿಯಿಂದ ಸ್ವಲ್ಪ ಕೆಳಗೆ ಸ್ವಯಂಸೇವಕರು ದೊಡ್ಡ ಬಾಟಲಿಗಳಲ್ಲಿ ನೀರು ತಂದಿಟ್ಟಿರುತ್ತಾರೆ. ಬೇಸಿಗೆಯಲ್ಲಿ ನಮ್ಮೂರ ದಾರಿಬದಿಯ ಅರವಟ್ಟಿಗೆಯ ಹಾಗೆಯೇ, ಆದರೆ ಕೊಡುವವರು ಎದುರಿಗೆ ಇರುವುದಿಲ್ಲ. ಆ ದಿನ ಮಾತ್ರ ಇದ್ದರು. ಗಂಡ ಹೆಂಡತಿ ಖಾಲಿ ಬಾಟಲಿಗಳಿಗೆ ಹಗ್ಗ ಪೋಣಿಸಿ ಕೆಳಗೆ ಒಯ್ಯಲು ಸಿದ್ಧವಾಗುತ್ತಿದ್ದರು. ನಾನು ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ನಾಲ್ಕು ಖಾಲಿ ಬಾಟಲಿ ಕೆಳಗಿನವರೆಗೆ ಹೊತ್ತುಕೊಡು ಎಂದರು, ಹೊತ್ತೆ.

ಇಳಿಯುತ್ತಾ, ನೀರು ತಂದಿದ್ದ ಆ ಹೆಂಗಸು ಹೇಳಿದ ವಿಷಯ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಂದೆ ಸಿಗುವ ವಾರ್ನರ್ ಸ್ಪ್ರಿಂಗ್ಸ್‌ನಲ್ಲಿ ಬಿಸಿನೀರಿನ ಬುಗ್ಗೆಯಿದೆ. ಅದರ ಸುತ್ತ ಕುಪೇನ್ಯೊ ಎಂಬ ಮೂಲನಿವಾಸಿ ಜನರ ಕುಪಾ ಎಂಬ ಹಳ್ಳಿಯಿತ್ತು. ಜಮೀನಿನ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1901ರಲ್ಲಿ ಅವರು ಸೋತರು. 1903ರಲ್ಲಿ ಸರ್ಕಾರ ಅವರನ್ನು ಎಬ್ಬಿಸಿ ಪಾಲಾ ಕಣಿವೆಗೆ ಸಾಗಿಸಿತು. ಒಂದು ಬಾಟಲಿ ನೀರಿಗಾಗಿ ಇಷ್ಟು ಜನ ಬೆವರು ಸುರಿಸುವ ನಾಡಿನಲ್ಲಿ, ಬತ್ತದ ನೀರಿದ್ದ ಊರನ್ನೇ ಕಳೆದುಕೊಂಡ ಜನ! ಮರುದಿನ ಆ ಕಡೆಗೆ ನಡೆಯುವಾಗ ನನ್ನ ತಲೆಯಲ್ಲಿ ಬೇರೆ ಯಾವ ಯೋಚನೆಯೂ ಇರಲಿಲ್ಲ. ನೀವು ಹೋದರೆ ಕುಪಾ ಹೆಸರನ್ನು ತಿಳಿದುಕೊಂಡೇ ಹೋಗಿ.

ಬರುವುದಾದರೆ ಮಾರ್ಚ್ ಕೊನೆ ಅಥವಾ ಏಪ್ರಿಲ್ ಒಳ್ಳೆಯ ಕಾಲ. ಕ್ಯಾಂಪೊದಿಂದ ಪೂರ್ತಿ ದಾರಿಗೆ ಹೊರಡುವವರಿಗೆ ದಿನಕ್ಕೆ 50 ಪರವಾನಗಿ ಮಾತ್ರ ಕೊಡುತ್ತಾರೆ, ಆದ್ದರಿಂದ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ಥರ್ಡ್ ಗೇಟ್‌ನ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಇರಲೇಬೇಕೆಂಬ ನಿಯಮವಿಲ್ಲ, ನಿಮಗಿಂತ ಹಿಂದೆ ಬರುತ್ತಿರುವವರಿಗೆ ಹೆಚ್ಚು ಬೇಕಾಗಿರಲೂಬಹುದು. ನಿಮ್ಮ 6 ಲೀಟರ್ ನೀವೇ ಹೊರಿ.