ಗೆಳತಿಗೆ ಏನೂ ಆಗಲ್ಲ, ನನಗೆ ಮಾತ್ರ ಯಾಕೆ?

ತೂಕದ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದವರು ಮೂವತ್ತರ ಆಸುಪಾಸಿನ ಮಹಿಳೆ. ಗುರುತು ಸಿಗಬಾರದು ಎಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಒಂದೇ ಮನೆಯಲ್ಲಿರುವ ಗೆಳತಿ ಮತ್ತು ಇವರು, ಇಬ್ಬರೂ ಕೆಲಸದ ಒತ್ತಡದಲ್ಲಿ ರಾತ್ರಿ ಜಾಸ್ತಿ ತಿನ್ನುತ್ತಿದ್ದರು. ವರ್ಷದಲ್ಲಿ ಇವರ ತೂಕ 9 ಕಿಲೋ ಏರಿತು. ಗೆಳತಿಯದು ಹಾಗೇ ಇದೆ.

"ನನಗೆ ಹಿಡಿತವೇ ಇಲ್ಲ" ಎಂದು ಅತ್ತರು. ಸ್ವಲ್ಪ ಹೊತ್ತಿಗೆ, "ಎಲ್ಲಾ ಜೀನ್ ಕೆಲಸ ಅಲ್ವಾ? ಇನ್ನು ಏನು ಮಾಡಿದರೂ ಅಷ್ಟೇ" ಎಂದರು. ಎರಡೂ ಮಾತು ಅವರನ್ನು ಕಟ್ಟಿಹಾಕಿದ್ದವು.

ಮೊದಲು ಹಿಡಿತದ ಮಾತು. 1990ರಲ್ಲಿ ಸಂಶೋಧಕ ಕ್ಲೋಡ್ ಬುಶಾರ್ ತಂಡ ಒಂದು ಅಧ್ಯಯನ ಪ್ರಕಟಿಸಿತು. 12 ಜೋಡಿ ತದ್ರೂಪಿ ಅವಳಿ (ಇಬ್ಬರ ಜೀನ್ ಒಂದೇ ಇರುವ) ಯುವಕರಿಗೆ, 100 ದಿನಗಳ ಅವಧಿಯಲ್ಲಿ 84 ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಒಬ್ಬರಿಗೆ ಏರಿದ್ದು 4 ಕಿಲೋ ಚಿಲ್ಲರೆ, ಇನ್ನೊಬ್ಬರಿಗೆ 13 ದಾಟಿತ್ತು. ಆದರೆ ಒಂದೇ ಜೋಡಿಯ ಅವಳಿಗಳು ಹೆಚ್ಚುಕಡಿಮೆ ಒಂದೇ ರೀತಿ ದಪ್ಪಗಾದರು. ಅಲ್ಲಿ ಯಾರ ಮನಸ್ಸೂ ದುರ್ಬಲವಾಗಿರಲಿಲ್ಲ. ಇದನ್ನು ಕೇಳಿ ಅವರ ಮುಖ ಸಡಿಲಾಯಿತು.

ಆದರೆ ಅದೇ ಅಧ್ಯಯನದಲ್ಲಿ ತೂಕ ಏರದವರು ಒಬ್ಬರೂ ಇರಲಿಲ್ಲ. ಅಂದರೆ ಎಲ್ಲವೂ ಜೀನ್ ಕೆಲಸವಲ್ಲ, ತಿಂದದ್ದಕ್ಕೂ ಪಾಲಿದೆ. ಅದನ್ನೂ ಹೇಳಿದೆ.

ಜೀನ್ ಇರುವುದು ಬೇರೆ, ಅದು ಎಷ್ಟು ಕೆಲಸ ಮಾಡುತ್ತದೆ ಎನ್ನುವುದು ಬೇರೆ. ಕೊಬ್ಬಿನ ಅಂಗಾಂಶ ಸುಮ್ನೆ ತುಂಬಿಡುವ ಗೋದಾಮಲ್ಲ. ಹಸಿವಿನ ಬಗ್ಗೆ ಮೆದುಳಿಗೆ ಸುದ್ದಿ ಕೊಡುವ ಲೆಪ್ಟಿನ್ ಹಾರ್ಮೋನ್ ಅಲ್ಲೇ ತಯಾರಾಗುತ್ತದೆ. ಅತಿಯಾಗಿ ತಿಂದಾಗ ಕೊಬ್ಬು ತಯಾರಿಸುವ, ಕೂಡಿಡುವ ಜೀನ್‌ಗಳು ಅಲ್ಲಿ ಚುರುಕಾಗುತ್ತವೆ. ಅದು ಕೆಟ್ಟದ್ದೇ ಎಂದುಕೊಳ್ಳಬೇಡಿ. ಚರ್ಮದಡಿಯ ಕೊಬ್ಬು ಚೆನ್ನಾಗಿ ಕೂಡಿಟ್ಟುಕೊಂಡರೆ ಯಕೃತ್ತಿನ (ಲಿವರ್) ಮೇಲೆ ಹೊರೆ ಕಡಿಮೆ ಬೀಳಬಹುದು. ತೆಳ್ಳಗೆ ಕಾಣುವವರ ಯಕೃತ್ತಿನಲ್ಲೂ ಕೊಬ್ಬು ಸೇರಿರಬಹುದು. ಹಾಗಾಗಿ ಗೆಳತಿಗೆ "ಏನೂ ಆಗಲ್ಲ" ಎಂದು ನೋಟದಿಂದ ಹೇಳಲಾಗದು.

ಜೀನ್ ಪರೀಕ್ಷೆ ಮಾಡಿಸಲೇ ಎಂದು ಕೇಳಿದರು. ಬೇಡ ಎಂದೆ. ತೂಕದ ವಿಷಯದಲ್ಲಿ ತುಂಬಾ ಚರ್ಚೆಯಾದ ಎಫ್‌ಟಿಒ ಜೀನ್‌ನ ಅಪಾಯದ ರೂಪ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿದ್ದರೂ ಸರಾಸರಿ ತೂಕದ ವ್ಯತ್ಯಾಸ ಸುಮಾರು 3 ಕಿಲೋ ಮಾತ್ರ. ಆ ವರದಿಯಿಂದ ನಾಳೆಯ ಊಟ ಬದಲಾಗುವುದಿಲ್ಲ. ಅದರ ಬದಲು ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ಕೊಬ್ಬಿನಂಶ, ಯಕೃತ್ತಿನ ಪರೀಕ್ಷೆಗೆ ವೈದ್ಯರ ಹತ್ತಿರ ಕಳಿಸಿದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಯಾರಿಗೂ ಕಾಣದಂತೆ ತಿನ್ನುತ್ತೀರಾ ಎಂದು ಕೇಳಿದಾಗ ತಲೆ ತಗ್ಗಿಸಿದರು. ಹಗಲು ಊಟ ಬಿಡುವುದು, ರಾತ್ರಿ ನಿಲ್ಲಿಸಲಾಗದೆ ತಿನ್ನುವುದು, ಆಮೇಲೆ ನಾಚಿಕೆ. ಇದು ಪದೇಪದೇ ಆಗುತ್ತಿದ್ದರೆ ಅದು ಚಿಕಿತ್ಸೆಯಿಂದ ಸುಧಾರಿಸುವ ತೊಂದರೆ. ಡಯಟ್ ಇನ್ನಷ್ಟು ಬಿಗಿ ಮಾಡಿದರೆ ಹೆಚ್ಚಾಗುವ ಸಾಧ್ಯತೆಯೇ ಜಾಸ್ತಿ. ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಕಾಣಲು ಒಪ್ಪಿಸಿದೆ. ಮಧ್ಯಾಹ್ನದ ಊಟ ತಪ್ಪಿಸಬೇಡಿ, ಗೆಳತಿಯ ತಟ್ಟೆ ನೋಡಿ ನಿಮ್ಮ ತಟ್ಟೆ ಅಳೆಯಬೇಡಿ ಎಂದೂ ಹೇಳಿದೆ.

ಮುಂದಿನ ಭೇಟಿಗೆ ತೂಕದ ಪಟ್ಟಿ ತರುವುದು ಬೇಡ. ತಿಂದ ಹೊತ್ತು, ಆಗ ಮನಸ್ಸಿನಲ್ಲಿ ಏನಿತ್ತು, ಇಷ್ಟನ್ನೇ ಬರೆದು ತರಲು ಹೇಳಿದ್ದೇನೆ.