ದಾರ ಸುತ್ತಿದ ಜಾಗ

"ಡಿಸೈನರ್ ಆಗಿ ನಿಮ್ಮ ಫಿಲಾಸಫಿ ಏನು? ಹೊಸ ಐಡಿಯಾ ಎಲ್ಲಿಂದ ಬರುತ್ತದೆ?" ಎಂದು ಕೇಳಿದ್ದೀರಿ. ಪಿಯುಸಿ ಮುಗಿಸಿ ಡಿಸೈನ್ ಓದುವ ಆಸೆ ಇದೆ ಅಂತಲೂ ಬರೆದಿದ್ದೀರಿ.

ಫಿಲಾಸಫಿ ಅಂದರೆ ದೊಡ್ಡ ಮಾತಾಯಿತು. ನನಗಿರುವುದು ಒಂದು ಚಾಳಿ, ಅಷ್ಟೇ. ಯಾರ ಮನೆಗೆ ಹೋದರೂ ಸಾಮಾನುಗಳ ಮೇಲೆ ಕಣ್ಣು ಹೋಗುತ್ತದೆ. ಯಾವ ಹಿಡಿಗೆ ದಾರ ಸುತ್ತಿದ್ದಾರೆ, ಎಲ್ಲಿ ಸೈಕಲ್ ಟ್ಯೂಬ್ ಬಿಗಿದಿದ್ದಾರೆ, ಯಾವುದರ ಅಡಿಗೆ ಗೋಣಿ ತುಂಡು ತುರುಕಿದ್ದಾರೆ ಎಂದು ನೋಡುತ್ತೇನೆ. ಮಾಡಿದವನು ಮರೆತದ್ದನ್ನು ಬಳಸುವವರು ಅಲ್ಲಿ ಸರಿಮಾಡಿಕೊಂಡಿರುತ್ತಾರೆ. ನನ್ನ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಈ ಚಾಳಿ ಹತ್ತಿದ್ದು ಮರ್ಯಾದೆ ಹೋದ ಮೇಲೆ. ಕೆಲವು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಸಾಗರದ ಕಡೆಯ ನಮ್ಮೂರಿಗೆ ವಾಪಸ್ ಬಂದಿದ್ದೆ. ಅಡಿಕೆ ಕೊಯ್ಲಿನ ಕಾಲ. ಸಂಜೆ ಆದರೆ ಮನೆಮನೆಯ ಅಂಗಳದಲ್ಲಿ ಹೆಂಗಸರು ಗುಂಪಾಗಿ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಮುಂದೆ ಮೆಟ್ಟುಗತ್ತಿ, ಅಂದರೆ ಮಣೆಗೆ ಕೂಡಿಸಿದ ಕತ್ತಿ, ಪಕ್ಕದಲ್ಲಿ ಅಡಿಕೆ ರಾಶಿ. ಕಾಯಿಯನ್ನು ಕತ್ತಿಗೆ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ನೋಡಲು ಸಲೀಸು. ಆದರೆ ನಾಲ್ಕೈದು ಗಂಟೆ ಬಗ್ಗಿ ಕೂತವರ ಸೊಂಟದ ಕಥೆ ಕೇಳಬೇಡಿ.

ನಾನು ಬೆನ್ನುನೋವು ಕಂಡೆ, ಪರಿಹಾರವೂ ಹೊಳೆಯಿತು. ಎತ್ತರದ ಮೇಜು, ಅದಕ್ಕೆ ಕೂಡಿಸಿದ ಕತ್ತಿ, ಕಾಲು ಇಳಿಬಿಟ್ಟು ಕೂರುವ ಸ್ಟೂಲು. ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಮೂರು ಸೆಟ್ ಮಾಡಿಸಿದೆ. ಬಣ್ಣ ಬೇರೆ ಹೊಡೆಸಿದ್ದೆ! ಎರಡು ದಿನ ಬಳಸಿದರು. ಮೂರನೆಯ ದಿನ ಹೋಗಿ ನೋಡಿದರೆ ಎಲ್ಲರೂ ನೆಲದಲ್ಲಿದ್ದಾರೆ, ನನ್ನ ಮೇಜಿನ ಮೇಲೆ ಕಾಫಿ ಲೋಟ ಇವೆ.

ಅಲ್ಲಿದ್ದ ಹಿರಿಯ ಹೆಂಗಸೊಬ್ಬರು ಬೇಜಾರು ಮಾಡಬಾರದು ಅಂತ ಮೆಲ್ಲಗೆ ಹೇಳಿದರು: "ತಮ್ಮಾ, ನಿನ್ನ ಮೇಜು ಚಂದ ಇದೆ. ಆದ್ರೆ ರಾಶಿ ನೆಲದಲ್ಲಿದೆ ಅಲ್ವಾ?"

ಅಷ್ಟೇ ಸಾಕಾಯಿತು. ನೆಲದಲ್ಲಿ ಕೂತರೆ ಎಡಗೈ ನೋಡದೆಯೇ ಮುಂದಿನ ಕಾಯಿ ಎತ್ತಿಕೊಳ್ಳುತ್ತದೆ. ಮೇಜಿನಲ್ಲಾದರೆ ಪ್ರತಿ ಸಲ ಬಗ್ಗಬೇಕು, ಇಲ್ಲವೇ ಯಾರಾದರೂ ಬುಟ್ಟಿ ತುಂಬಿಕೊಡಬೇಕು. ಕೂಲಿ ಸುಲಿದ ಲೆಕ್ಕಕ್ಕೆ. ನಿಧಾನ ಆದಷ್ಟೂ ದುಡ್ಡು ಕಡಿಮೆ. ಇನ್ನೊಂದು, ಮೆಟ್ಟುಗತ್ತಿಯ ಮಣೆಯನ್ನು ಮೈಭಾರವೇ ಅಲುಗದಂತೆ ಹಿಡಿದಿರುತ್ತದೆ. ಹೆಸರಿನಲ್ಲೇ ಮೆಟ್ಟು ಇದೆ. ನಾನು ಆ ಭಾರವನ್ನೇ ತೆಗೆದುಹಾಕಿದ್ದೆ, ಕತ್ತಿ ನಡುಗುತ್ತಿತ್ತು. ಮತ್ತೆ, ಸುತ್ತ ಕೂತು ಊರ ಸುದ್ದಿ ಆಡುವವರನ್ನು ಪರೀಕ್ಷೆಗೆ ಕೂರಿಸಿದ ಹಾಗೆ ಸಾಲಾಗಿ ಕೂರಿಸಿದ್ದೆ.

ತಮಾಷೆ ಅಂದರೆ ಇದೆಲ್ಲ ನನಗೆ ಕಾಲೇಜಿನಲ್ಲೇ ಪಾಠ ಆಗಿತ್ತು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಡಿಸೈನರ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) 1961ರಲ್ಲಿ ಹುಟ್ಟಿದ್ದು ಅದರ ಬೆನ್ನಿಗೇ. ಆ ವರದಿಯಲ್ಲಿ ಅವರು ಹೊಗಳಿದ್ದು ನಮ್ಮ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಹೇಗೆ ಎತ್ತುತ್ತಾರೆ, ಸೊಂಟದ ಮೇಲೋ ತಲೆಯ ಮೇಲೋ, ತುಂಬಿದಾಗ ಖಾಲಿಯಾದಾಗ ತೂಕ ಹೇಗೆ ನಿಲ್ಲುತ್ತದೆ, ಒಳಗೆ ಕೈ ಹೋಗಿ ತೊಳೆಯಲು ಆಗುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ. ನಾನು ಅದನ್ನು ಪರೀಕ್ಷೆಗೆ ಓದಿದ್ದೆ. ಅಡಿಕೆ ರಾಶಿಯ ಮುಂದೆ ನಿಂತಾಗ ಒಂದು ಪ್ರಶ್ನೆಯೂ ನೆನಪಾಗಲಿಲ್ಲ.

ಆಮೇಲೆ ವಾರಗಟ್ಟಲೆ ಸುಮ್ನೆ ಕೂತು ನೋಡಿದೆ. ಒಬ್ಬರು ಮಾತ್ರ ತಾವು ಕೂರುವ ಮಣೆಯ ಹಿಂಭಾಗಕ್ಕೆ ಮಡಚಿದ ಗೋಣಿ ಕೊಟ್ಟಿದ್ದರು. ಮಣೆ ಮುಂದಕ್ಕೆ ಸ್ವಲ್ಪ ವಾಲುತ್ತಿತ್ತು. ಹಾಗೆ ಕೂತರೆ ಸೊಂಟ ಹಿಂದಕ್ಕೆ ಕುಸಿಯುವುದಿಲ್ಲ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಹಿಂದೆ ಎತ್ತರ, ಮುಂದೆ ತಗ್ಗು ಇರುವ ಮಣೆ. ಹಲಸಿನ ಹಲಗೆ, ಎರಡು ಅಡ್ಡಪಟ್ಟಿ. ಅದು ಈಗಲೂ ಬಳಕೆಯಲ್ಲಿದೆ. ಪೋರ್ಟ್‌ಫೋಲಿಯೋದಲ್ಲಿ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಬೇರೆ ಮಾತು.

ನೀವು "ಹೊಸ ಐಡಿಯಾ" ಅಂದಿರಲ್ಲ, ಅದಕ್ಕೆ ನನಗಿಷ್ಟವಾದ ಉದಾಹರಣೆ ಬೋರ್ಡೋ ದ್ರಾವಣ. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಅಡಿಕೆ ಕೊಳೆತು ಉದುರುವ ಕೊಳೆರೋಗದ ಭಯ, ಅದಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಕಲಸಿದ ಈ ದ್ರಾವಣ ಹೊಡೆಯುವುದು ನಿಮಗೂ ಗೊತ್ತಿರಬಹುದು. ಇದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ಅಲ್ಲಿನವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ವಿಷ ಹಾಕಿದ ಹಾಗೆ ಕಾಣಲಿ ಎಂದು. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಎಂಬುದು ಮಿಲಾರ್ಡೆ ಎಂಬ ವಿಜ್ಞಾನಿಯ ಕಣ್ಣಿಗೆ ಬಿತ್ತು. ಅವರು 1885ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಅದನ್ನು ನಮ್ಮ ತೋಟಗಳಿಗೆ ತಂದರು. ಕಳ್ಳರಿಗೆ ಬಳಿದದ್ದು ರೋಗಕ್ಕೆ ಮದ್ದಾಯಿತು. ಮಿಲಾರ್ಡೆ ಮಾಡಿದ ಮೊದಲ ಕೆಲಸ ನೋಡುವುದು.

ಅದು ನಮ್ಮಲ್ಲಿ ನೂರು ವರ್ಷ ನಿಂತದ್ದಕ್ಕೂ ಒಂದು ಕಾರಣ ಇದೆ ಅನಿಸುತ್ತದೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಹದ ಸರಿಯಾಗಿದೆಯೇ ತಿಳಿಯಲು ಉಜ್ಜಿದ ಕತ್ತಿಯನ್ನು ಅದ್ದಿ ತೆಗೆದರೆ ಸಾಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಪರೀಕ್ಷೆ ಮಾಡುವ ಸಾಧನ ಮೊದಲೇ ಸೊಂಟದಲ್ಲಿದೆ! ಇದಕ್ಕಿಂತ ಒಳ್ಳೆಯ ಇಂಟರ್‌ಫೇಸ್ ನಾನು ಬೆಂಗಳೂರಿನಲ್ಲಿ ನೋಡಿಲ್ಲ.

ಹಾಗಂತ ಹಳೆಯದೆಲ್ಲ ಚಿನ್ನ ಎನ್ನುವವನಲ್ಲ ನಾನು. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಕೊನೆಗಾರರು ಸಿಗುವುದೇ ಕಷ್ಟ, ಬಿದ್ದವರನ್ನೂ ನೋಡಿದ್ದೇನೆ. ಕಾರ್ಬನ್ ಫೈಬರ್ ದೋಟಿ (ತುದಿಗೆ ಕತ್ತಿ ಇರುವ ಉದ್ದ ಕೋಲು) ಬಂದ ಮೇಲೆ ನೆಲದಲ್ಲೇ ನಿಂತು ಕೊನೆ ಇಳಿಸಬಹುದು. ದೊಡ್ಡ ಉಪಕಾರ. ಆದರೆ ಹೊಸದು ಬಂದಾಗ ಹಳೆಯದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಯಾವುದು ಎಂದು ಹುಡುಕಬೇಕು. ಕೊನೆಗಾರ ಹಗ್ಗದಲ್ಲಿ ಕೊನೆಯನ್ನು ಜಾರಿಬಿಟ್ಟರೆ ಕೆಳಗಿನವನ ಕೈಗೆ ಬರುತ್ತಿತ್ತು, ಅಡಿಕೆ ಚೆಲ್ಲುತ್ತಿರಲಿಲ್ಲ. ದೋಟಿಯಲ್ಲಿ ಕೊಯ್ದರೆ ಕೊನೆ ನೇರ ಬೀಳುತ್ತದೆ. ಅದಕ್ಕೇ ಇಬ್ಬರು ಬಲೆ ಹಿಡಿದು ಓಡಾಡುತ್ತಾರೆ. ಮೇಲೆ ನೋಡಿ ನೋಡಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ, ತೋಟದ ಮೇಲೆ ವಿದ್ಯುತ್ ತಂತಿ ಇದ್ದರೆ ಹತ್ತಿರ ಒಯ್ಯಲೇಬಾರದು.

ಕಾಲೇಜಿಗೆ ಸೇರುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ದಾರ, ಚಿಂದಿ, ಟ್ಯೂಬ್ ಸುತ್ತಿದ ಸಾಮಾನುಗಳ ಚಿತ್ರ ಬರೆಯಿರಿ. ಫೋಟೋ ಬೇಡ, ಪೆನ್ಸಿಲ್ಲಿನಲ್ಲೇ ಬರೆಯಿರಿ. ಪಕ್ಕದಲ್ಲಿ ಯಾರು ಸುತ್ತಿದ್ದು, ಯಾಕೆ ಎಂದು ಕೇಳಿ ಬರೆದುಕೊಳ್ಳಿ. ಸಾಫ್ಟ್‌ವೇರ್ ಆಮೇಲೆ ಕಲಿಯಬಹುದು.

ನಾನು ಈಗ ಆ ಬಲೆಯ ಹಿಂದೆ ಬಿದ್ದಿದ್ದೇನೆ. ಮೊನ್ನೆ ಒಂದು ತೋಟದಲ್ಲಿ ಬಲೆ ಹಿಡಿಯುವ ಹುಡುಗ ತನ್ನ ಕಡೆಯ ಒಂದು ಮೂಲೆಯನ್ನು ಸೊಂಟಕ್ಕೆ ಬಿಗಿದುಕೊಂಡಿದ್ದ. ಭಾರ ಕೈಗೆ ಬೀಳದಿರಲಿ ಅಂತಲೋ, ಜಾರದಿರಲಿ ಅಂತಲೋ ಎಂದು ನಾನು ಏನೇನೋ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಕೇಳಿಯೇಬಿಟ್ಟೆ.

"ಎಲೆಅಡಿಕೆ ಕವಳ ಹಾಕಲಿಕ್ಕೆ ಒಂದು ಕೈ ಬೇಕಲ್ಲ ಮಾರಾಯ್ರೆ" ಅಂದ.