ಹಡಗು ಒಡೆದು ಸತ್ತವರನ್ನು ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹಿಂದೆ ಚರ್ಚಿನ ಸ್ಮಶಾನದಲ್ಲಿ ಯಾಕೆ ಹೂಳುತ್ತಿರಲಿಲ್ಲ?

ಆ ಹೆಣಗಳಿಗೆ ವಾರಸುದಾರರಿರಲಿಲ್ಲ, ಖರ್ಚು ಕೊಡುವವರೂ ಇರಲಿಲ್ಲ. ಸತ್ತವರು ಕ್ರೈಸ್ತರೋ ಅಲ್ಲವೋ ಎಂಬ ಅನುಮಾನ ಬೇರೆ. ಹಾಗಾಗಿ ಪ್ರಾರ್ಥನೆಯೂ ಇಲ್ಲದೆ, ಕಡಲಂಚಿನಲ್ಲೇ ಗುಂಡಿ ತೋಡಿ ಸುಮ್ನೆ ಮುಚ್ಚುತ್ತಿದ್ದರು. 1807ರ ಡಿಸೆಂಬರಿನಲ್ಲಿ ಲೋ ಬಾರ್ ಎಂಬ ದಡದಲ್ಲಿ 'ಆನ್ಸನ್' ಯುದ್ಧನೌಕೆ ಒಡೆದಾಗಲೂ ಹೀಗೇ ಆಯಿತು. ಜನ ಸಿಟ್ಟಾದರು. ಹತ್ತಿರದ ಹೆಲ್ಸ್‌ಟನ್ನಿನ ವಕೀಲ ಥಾಮಸ್ ಗ್ರಿಲ್ಸ್ ಹೊಸ ಕಾಯ್ದೆಯ ಕರಡು ಬರೆದರು, 1808ರಲ್ಲಿ ಅದು ಜಾರಿಗೆ ಬಂತು.

ಅದರ ಪ್ರಕಾರ, ದಡ ಸೇರಿದ ಹೆಣವನ್ನು ಆಯಾ ಊರಿನ ಚರ್ಚಿನವರೇ ತಮ್ಮ ಸ್ಮಶಾನದಲ್ಲಿ ಹೂಳಬೇಕಿತ್ತು. ಖರ್ಚು ಜಿಲ್ಲೆಯ ಖಜಾನೆಯದಾಗಿತ್ತು. ನನ್ನ ಪ್ರಕಾರ ಇದೇ ಮುಖ್ಯ. ಒಂದೇ ರಾತ್ರಿ ಹತ್ತಾರು ಹೆಣ ಬಂದರೆ ಬಡ ಮೀನುಗಾರರ ಊರು ಎಲ್ಲಿಂದ ದುಡ್ಡು ತರಬೇಕು, ಅಲ್ವಾ? ಹೆಣ ಕಂಡು ಮೊದಲು ತಿಳಿಸಿದವರಿಗೆ 5 ಶಿಲಿಂಗ್ ಕೂಡ ಸಿಗುತ್ತಿತ್ತು.